ಗುಂಡುಕಲ್ಲಿನ ಮುಂದೆ ಕೊಡದೆ ಹೋದ ದನಿ

ನನ್ನ ತಮ್ಮ ಗುಂಡುಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಾದಾಗ ನಾನು ದನಿ ಕೊಡಲಿಲ್ಲ. ಬಾಯಿ ಇತ್ತು, ಉಸಿರಿತ್ತು, ಕೊಡಲಿಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಹಿಂದುಮುಂದಿನದನ್ನೆಲ್ಲ ಹೇಳಿ ಇದೊಂದನ್ನು ನುಂಗಿಬಿಡುವವನು ನಾನು.

ತಮಿಳು ಸೀಮೆಯ ಕೊಂಬೈಯಲ್ಲಿ, ಕನ್ನಡ ಆಡುವ ನಮ್ಮವರ ಬೀದಿ ಮುಗಿಯುವಲ್ಲಿ, ದೇವರಿಗೆ ಬಿಟ್ಟ ದನಗಳ ಕೊಟ್ಟಿಗೆಯ ಮುಂದೆ ಆ ಕಲ್ಲು ಬಿದ್ದಿರುತ್ತದೆ. ಕುಂಬಳಕಾಯಿಯ ಹಾಗೆ ದುಂಡಗೆ, ಬೆರಳು ಸಿಕ್ಕಿಸಲು ಒಂದು ಬಿರುಕೂ ಇಲ್ಲ. ತಲೆಮಾರುಗಳ ಕೈ ತಾಗಿ ಎಣ್ಣೆ ಸವರಿದಂತೆ ನುಣುಪಾಗಿದೆ. ನಮ್ಮಲ್ಲಿ ಹುಡುಗರ ಬಲವನ್ನು ಹೇಳುವುದೇ ಆ ಕಲ್ಲಿನಿಂದ. 'ಅವನು ಮೊಣಕಾಲು' ಎಂದರೆ ಕಲ್ಲನ್ನು ಮೊಣಕಾಲಿನವರೆಗೆ ತರುತ್ತಾನೆ ಎಂದರ್ಥ. ಅದರ ಮೇಲೆ ತೊಡೆ, ಆಮೇಲೆ ಎದೆ, ಕಡೆಗೆ ಹೆಗಲು. ಹೆಗಲಿಗೇರಿಸಿ ಬೆನ್ನ ಹಿಂದಕ್ಕೆ ಬೀಳಿಸಿದವನಿಗೆ ಅದಕ್ಕಿಂತ ಮೇಲೆ ಅಳತೆಯಿಲ್ಲ.

ನಾನು ಎದೆ. ಅಲ್ಲಿಂದ ಮುಂದೆ ಎಂದೂ ಹೋಗಲಿಲ್ಲ.

ಕಲ್ಲು ತೊಡೆಗೆ ಬಂದಾಗ ಎತ್ತುವವನು ಕುಕ್ಕುರುಗಾಲಿನಲ್ಲೇ ಒಂದು ಗಳಿಗೆ ತಡೆಯುತ್ತಾನೆ. ಆಗ ಅವನ ಮನೆಯ ಹಿರಿಯ ಗಂಡಸು 'ಏಳು!' ಎಂದು ದನಿ ಕೊಡಬೇಕು. ಆ ದನಿಯ ಮೇಲೆ ಉಸಿರು ಕಟ್ಟಿ ಎದ್ದು ನಿಲ್ಲುವುದು. ಬೇರೆ ಮನೆಯವರು ದನಿ ಕೊಡುವಂತಿಲ್ಲ. ಕೊಟ್ಟರೆ ಇವನ ಮನೆಯಲ್ಲಿ ಗಂಡಸರೇ ಇಲ್ಲ ಎಂದು ಬೀದಿಯಲ್ಲಿ ನಿಂತು ಸಾರಿದ ಹಾಗೆ. ದನಿಗೆ ಕಾಯದೆ ಎದ್ದವನು ಹಿರಿಯರನ್ನು ಮೀರಿದವನು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ದನಿ ನನ್ನದಾಯಿತು.

ತಮ್ಮನಿಗೆ ಕಲಿಸಿದವನೂ ನಾನೇ. ಹಿತ್ತಲಲ್ಲಿ ಸಣ್ಣದೊಂದು ಕಲ್ಲಿತ್ತು. ಅಂಗೈಗೆ ಬೂದಿ ಹಚ್ಚಿಕೊಳ್ಳುವುದು, ಬೆರಳನ್ನು ಕಲ್ಲಿನ ಅಡಿಗೆ ತೂರಿಸುವುದು, ಸೊಂಟದಿಂದಲ್ಲ ತೊಡೆಯಿಂದ ಏಳುವುದು, ಎಲ್ಲವನ್ನೂ ತೋರಿಸಿದೆ. ಬಾವಿಗೆ ಎತ್ತು ಹೂಡುವ ಮೊದಲು ಅವನು ದಿನಾ ಎತ್ತುತ್ತಿದ್ದ. ಕೆಲವು ದಿನ ಏನು ಮಾಡಿದರೂ ಕಲ್ಲು ಏಳುತ್ತಿರಲಿಲ್ಲ. ನಿನ್ನೆ ಬಂದದ್ದು ಇವತ್ತೇಕೆ ಬರಲಿಲ್ಲ ಎಂದು ಅವನು ಮುಖ ಸಣ್ಣ ಮಾಡಿಕೊಂಡು ಅಂಬಲಿ ಕುಡಿಯಲು ಕೂರುತ್ತಿದ್ದ.

"ಬಲ ಅಂಬೋದು ದಿನಾ ಒಂದೇ ತರ ಇರಲ್ಲ ತಂಬಿ," ಎನ್ನುತ್ತಿದ್ದೆ. "ಎದೆಗೆ ಬರದ ದಿನ ತೊಡೆಗೆ ತಂದು ಇಟ್ಟು ಬಾ. ಮುಟ್ದೆ ಮಾತ್ರ ಬರ್ಬೇಡ."

ಇಷ್ಟು ಹೇಳಿಕೊಟ್ಟ ನಾನೇ ಮುಟ್ಟುವುದನ್ನು ಬಿಟ್ಟಿದ್ದೆ. ಎದೆಯಿಂದ ಹೆಗಲಿಗೆ ಕಲ್ಲು ಏರಲಿಲ್ಲ. ಏರದ ಮೇಲೆ ಎದೆಯವರೆಗಾದರೂ ಏಕೆ ಎಂದು ಸೋಮಾರಿಯಾದೆ. ಅವನು ಬಿಡಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಲ್ಲಿ ದೊಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ಸಣ್ಣ ಕಲ್ಲು ಅವನ ಬೆನ್ನ ಹಿಂದೆ ಬಿದ್ದಿತ್ತು. ಅವನು ನಗುತ್ತಿದ್ದ. ನಾನೂ ನಕ್ಕೆ, ಹಲ್ಲಿನಲ್ಲಿ ಮಾತ್ರ.

ಪೊಂಗಲಿನ ಮರುದಿನ, ದನಗಳ ಹಬ್ಬಕ್ಕೆ, ಎಲ್ಲರೂ ಕೊಟ್ಟಿಗೆಯ ಮುಂದೆ ಸೇರಿದೆವು. ನನ್ನ ಸೋದರಮಾವನ ಮಗ ಪಕ್ಕದಲ್ಲಿ ನಿಂತಿದ್ದ. ನಮ್ಮಲ್ಲಿ ಮಚ್ಚಾನ್ ಎನ್ನುವ ಸಲಿಗೆಯ ನೆಂಟಸ್ತಿಕೆ ಅದು, ಏನು ಬೇಕಾದರೂ ಅನ್ನಬಹುದು.

"ಏನ್ ಮಚ್ಚಾನ್," ಎಂದ, "ಇವತ್ತು ತಮ್ಮ ಹೆಗಲಾದ್ರೆ, ನಾಳಿಂದ ನಿಮ್ಮನೇಲಿ ಯಾರು ಯಾರಿಗೆ ದನಿ ಕೊಡೋದು?"

ಸುತ್ತ ನಿಂತವರು ನಕ್ಕರು. ಅಷ್ಟರಲ್ಲಿ ತಮ್ಮ ಕಲ್ಲಿಗೆ ಕೈಮುಗಿದು ಬಗ್ಗಿದ್ದ. ಕಲ್ಲು ಮಗುವಿನ ಹಾಗೆ ಅವನ ತೊಡೆಗೆ ಬಂತು. ಇಷ್ಟು ಹಗುರವಾಗಿ ಅದು ನನ್ನ ತೊಡೆಗೆ ಎಂದೂ ಬಂದಿರಲಿಲ್ಲ. ಅವನು ತಡೆದು, ತಲೆಯೆತ್ತಿ ನನ್ನತ್ತ ನೋಡಿದ.

ನಾನು ಅವನ ಕಾಲ ಬಳಿಯ ಮಣ್ಣನ್ನು ನೋಡಿದೆ.

ಒಂದು ಎತ್ತಿನ ಕೊರಳ ಗಂಟೆ ಮಾತ್ರ ಅಲ್ಲಾಡುತ್ತಿತ್ತು. "ಅಣ್ಣೇ..." ಎಂದ, ಮೆಲ್ಲಗೆ, ನನಗೆ ಕೇಳುವಷ್ಟೇ. ಅವನ ತೋಳು ನಡುಗತೊಡಗಿತು. ನನ್ನ ಗಂಟಲಲ್ಲಿ ಆ ಒಂದು ಮಾತು ಸಿದ್ಧವಾಗಿಯೇ ಇತ್ತು. ನಾನು ಕೆಮ್ಮಿದೆ. ಕಲ್ಲು ಅವನ ಮೊಣಕಾಲ ಕೆಳಗಿನ ಚರ್ಮವನ್ನು ಸುಲಿದುಕೊಂಡು ಜಾರಿ ಮಣ್ಣಿಗೆ ಬಿತ್ತು.

ಮನೆಗೆ ಬಂದು, ಅವ್ವ ಗಾಯಕ್ಕೆ ಅರಿಶಿನ ಮೆತ್ತುವಾಗ, ಅವನೇ ಹೇಳಿದ: "ಇವತ್ತು ಬಲ ಸಾಲ್ಲಿಲ್ಲವ್ವಾ."

ನಾನು ಅಲ್ಲೇ ಕಂಬಕ್ಕೊರಗಿ ಕೂತಿದ್ದೆ. ಅದು ಸುಳ್ಳೆಂದು ಹೇಳಲು ನನಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಹೇಳಲಿಲ್ಲ. ಅವನು ಆಮೇಲೆ ಕಲ್ಲು ಮುಟ್ಟಲಿಲ್ಲ. ಹಿತ್ತಲಿನ ಸಣ್ಣ ಕಲ್ಲನ್ನು ಅವ್ವ ಮೆಣಸಿನಕಾಯಿ ಒಣಗಿಸುವ ಚಾಪೆ ಹಾರದಿರಲೆಂದು ಅದರ ತುದಿಗೆ ಉರುಳಿಸಿಟ್ಟಳು. ಬೀದಿಯಲ್ಲಿ ಅವನ ಹೆಸರಿಗೆ 'ತೊಡೆ' ಎಂಬುದು ಅಂಟಿಕೊಂಡಿತು. ಅವನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಯಾರೋ ಅದನ್ನು ಕೇಳಿದರು. "ಎತ್ತಕ್ಕೆ ಹೋಗಲ್ಲ ಮಾಮ, ಮನಸ್ಸಿಲ್ಲ," ಎಂದ. ಆಗಲೂ ನಾನು ಅವರು ಕೊಟ್ಟ ವೀಳ್ಯದೆಲೆ ಅಗಿಯುತ್ತಾ ಕೂತಿದ್ದೆ.

ಮಲೆಯನ್ನು ಕೊರೆದು ಪೆರಿಯಾರ್ ಹೊಳೆಯ ನೀರನ್ನು ನಮ್ಮ ಕಡೆ ತಿರುಗಿಸಿದ ಮೇಲೆ, ಒಣಗಿರುತ್ತಿದ್ದ ದಾರಿಗಳು ಬೇಸಿಗೆಯಲ್ಲೂ ಕೆಸರಾದವು. ಹೋದ ವರ್ಷ ನಾವಿಬ್ಬರೂ ಬತ್ತಲಗುಂಡಿನ ಸಂತೆಗೆ ಸಜ್ಜೆ ಮೂಟೆ ಹೇರಿಕೊಂಡು ಹೊರಟಿದ್ದೆವು. ಹಳೆಯ ಗುರುತಿನ ಮೇಲೆ ನಾನು ಗಾಡಿಯನ್ನು ಹಳ್ಳಕ್ಕೆ ಇಳಿಸಿದೆ. ಚಕ್ರ ನಡುವಿನ ಗುಂಬದವರೆಗೆ ಹೂತುಹೋಯಿತು. ತಮ್ಮ ಕೆಳಗಿಳಿದು, ಕುಕ್ಕುರುಗಾಲಿನಲ್ಲಿ ಕೂತು, ಗಾಡಿಯ ಅಡಿಗೆ ಹೆಗಲು ಕೊಟ್ಟ. ಕೊಟ್ಟು ತಡೆದ. ಅವನಿಗೆ ಗೊತ್ತಿಲ್ಲದೆಯೇ ತಡೆದನೆಂದು ಕಾಣುತ್ತದೆ. ನಾನು ಕಲಿಸಿದ ಮೈ ಅದು.

"ಏಳು!" ಎಂದು ಕೂಗಿದೆ. ಹಳ್ಳದ ಆಚೆ ದಡದಿಂದ ಕೊಕ್ಕರೆಗಳು ಎದ್ದವು. ಗಾಡಿ ಏಳಲಿಲ್ಲ.

ಅವನು ಹೆಗಲು ತೆಗೆದು, ಕೆಸರು ಮುಖದಲ್ಲಿ ನನ್ನನ್ನು ನೋಡಿದ. "ಶಾನೆ ತಡವಾಗಿ ಬಂತಲ್ಲ ಅಣ್ಣೇ ನಿನ್ನ ದನಿ," ಎಂದು ನಕ್ಕ.

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ಅವ್ವನ ಮುಂದೆ ಬಲ ಸಾಲಲಿಲ್ಲ ಎಂದಿದ್ದ.

ಮೂಟೆಗಳನ್ನು ಇಳಿಸಲೇಬೇಕಾಯಿತು. ಒಂದೊಂದಕ್ಕೂ ಅವನು ಒಂದು ತುದಿ, ನಾನು ಒಂದು ತುದಿ ಹಿಡಿದು ದಡಕ್ಕೆ ಹೊತ್ತೆವು. ಕಡೆಯ ಮೂಟೆ ನಮ್ಮಿಬ್ಬರ ನಡುವೆ ಇರುವಾಗ ನನ್ನ ಕಾಲು ನಿಂತುಬಿಟ್ಟಿತು.

"ಯಾಕಣ್ಣೇ, ಬಲ ಸಾಲ್ದಾ?"

"ಅವತ್ತು ನಿಂಗೆ ಬಲ ಸಾಲ್ದೆ ಹೋಗ್ಲಿಲ್ಲ ತಂಬಿ," ಎಂದೆ. "ನೀನು ನನ್ನ ಮೀರ್ತೀಯ ಅಂತ ಹೊಟ್ಟೆ ಉರಿದು ನಾನು ಬಾಯ್ ಮುಚ್ಕೊಂಡೆ. ಬೀದೀಲಿ, ಅವ್ವನ ಮುಂದೆ, ಹೆಣ್ಣಿನ ಮನೇಲಿ, ಎಲ್ಲಾ ಕಡೆ ಮುಚ್ಕೊಂಡೇ ಇದ್ದೆ. ತಪ್ಪು ನಂದು. ಮನ್ನಿಚ್ಚುಬಿಡು ನನ್ನ."