ಸತ್ತ ಉಕ್ಕು ಎಂದ ನ್ಯೂಮಾ

ನ್ಯೂಮಾ ಬೆರ್ನೇ ಅಂದರೆ ಕಣಿವೆಯವರಿಗೆ ಕಿವಿ. ಕೈಗೆ ಹೆಸರಾದವರು, ಕಣ್ಣಿಗೆ ಹೆಸರಾದವರು ಬೇಕಾದಷ್ಟು ಜನ ಇದ್ದರು. ಜೂ ಎಂಬ ಸರೋವರದ ದಂಡೆಯ ಊರುಗಳಲ್ಲಿ ಗಡಿಯಾರದ ಕೆಲಸ ತಿಳಿಯದ ಮನೆ ಹುಡುಕಿದರೂ ಸಿಗದು. ಆದರೆ ಹೊತ್ತು ಬಾರಿಸುವ ಕೈಗಡಿಯಾರ ಕಾರ್ಖಾನೆಯ ಹೊಸ್ತಿಲು ದಾಟಬೇಕಾದರೆ ನ್ಯೂಮಾ ಅದನ್ನು ಒಮ್ಮೆ ಕಿವಿಗೆ ಹಿಡಿದು "ಹೋಗಲಿ" ಅನ್ನಬೇಕು. ಅವನು ಕೇಳಿದ ಮೇಲೆ ಇನ್ನೊಬ್ಬರು ಅದಕ್ಕೆ ಕಿವಿ ಇಡುತ್ತಿರಲಿಲ್ಲ. ಪಾದ್ರಿ ಹರಸಿದ ರೊಟ್ಟಿಯನ್ನು ಮತ್ತೊಬ್ಬ ಹರಸಲು ಹೋದ ಹಾಗೆ, ಅದು ಮರ್ಯಾದೆಗೆಟ್ಟ ಕೆಲಸ.

ಅಂಥ ಗಡಿಯಾರದ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಜಾರಿಸಿದರೆ ಒಳಗೆ ಎರಡು ಪುಟ್ಟ ಸುತ್ತಿಗೆಗಳು ಎದ್ದು, ಯಂತ್ರವನ್ನು ಸುತ್ತಿ ನಿಂತ ಎರಡು ಉಕ್ಕಿನ ತಂತಿಗಳ ಮೇಲೆ ಬಡಿಯುತ್ತವೆ. ದಪ್ಪ ದನಿಯದು ಗಂಟೆ ಹೇಳುತ್ತದೆ, ಎರಡೂ ಸೇರಿ ಕಾಲುಗಂಟೆ ಹೇಳುತ್ತವೆ, ಮಿಕ್ಕ ನಿಮಿಷಗಳನ್ನು ಸಣ್ಣ ದನಿಯದು ಹೇಳುತ್ತದೆ. ಸೂಜಿಯಷ್ಟು ಸಣ್ಣದಾದ ಆ ತಂತಿಯನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಉರಿಯಲ್ಲಿ ಹದಕ್ಕೆ ತರುವವಳು ನೆಲಿ ಕಾಪ್ಟ್. ಅದರ ಬುಡಕ್ಕೆ ಅರ ಹಾಕಿ ಸ್ವರ ಕೂಡಿಸುವವನು ನ್ಯೂಮಾ. ಅರ ತಿಂದ ಉಕ್ಕು ಮರಳಿ ಬರುವುದಿಲ್ಲ. ಒಂದೇ ಒಂದು ಎಳೆತ ಹೆಚ್ಚಾದರೂ ತಂತಿ ಕಸ.

ಬ್ಯಾಟರಿ ಗಡಿಯಾರ ಬಂದು ಕಣಿವೆಯ ಅರ್ಧ ಬಾಗಿಲು ಮುಚ್ಚಿಸಿ, ಆಮೇಲೆ ಸಿರಿವಂತರಿಗೆ ಮತ್ತೆ ಹಳೆಯ ಸದ್ದೇ ಬೇಕೆನಿಸಿದ ಕಾಲ ಅದು. ಹಿಂದಿನ ಚಳಿಗಾಲದಿಂದಲೇ ನ್ಯೂಮಾನಿಗೆ ಸಣ್ಣ ದನಿಯ ತಂತಿಗಳು ಮಂಕಾಗಿ ಕೇಳುತ್ತಿದ್ದವು. ಮೊದಲು ಗಡಿಯಾರದ ಕವಚ ಸರಿಯಿಲ್ಲ ಅಂದುಕೊಂಡ. ಆಮೇಲೆ ಸುತ್ತಿಗೆಯನ್ನು ಬೈದ. ಕೊನೆಗೆ ಒಂದು ಗಡಿಯಾರದಲ್ಲಿ ಸುತ್ತಿಗೆ ಬಡಿದ ಟಕ್ ಟಕ್ ಬಿಟ್ಟು ನಾದವೇ ಬರಲಿಲ್ಲ. ಬುಡಕ್ಕೆ ಅರ ಎಳೆದ, ಮತ್ತೆ ಎಳೆದ. ಬರಲಿಲ್ಲ.

ಬೆಳಗಿನ ಕಾಫಿಗೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತಿದ್ದಾಗ ಅವನು ಹೇಳಿಯೇಬಿಟ್ಟ. "ನೆಲಿ, ನಿನ್ನ ಉಕ್ಕು ಸತ್ತಿದೆ."

ಚಕ್ರ ಕೂರಿಸುವ ಫೆರ್ನಾಂಗೆ ಅಷ್ಟು ಸಾಕಾಯಿತು. "ಏನಮ್ಮಾ ನೆಲಿ, ಉರಿ ಮುಂದೆ ಕೂತು ತೂಕಡಿಸ್ತೀಯಾ? ಇಲ್ಲಾ ಗಂಡನ ಧ್ಯಾನಾನಾ?"

"ನನ್ನ ಗಂಡಂಗೆ ಹದ ಹಾಕಿ ಎಷ್ಟೋ ವರ್ಷ ಆಯ್ತು, ಇನ್ನೂ ಗಟ್ಟಿ ಇದಾನೆ. ನಿನ್ನನ್ನ ಯಾರಾದ್ರೂ ಎಣ್ಣೇಲಿ ಅದ್ದಬೇಕು ನೋಡು," ಎಂದಳು ನೆಲಿ. ಮೇಜೆಲ್ಲ ನಕ್ಕಿತು.

ಅವಳು ಇನ್ನೊಂದು ತಂತಿ ಮಾಡಿಕೊಟ್ಟಳು. ಅದಕ್ಕೂ ಅರ ಹಾಕಿ ನೋಡಿ ಸತ್ತಿದೆ ಅಂದ. ಮೂರನೆಯದಕ್ಕೆ ಅರವನ್ನೂ ಮುಟ್ಟಿಸದೆ, ಒಮ್ಮೆ ಬಡಿದು ನೋಡಿ ಪಕ್ಕಕ್ಕೆ ತಳ್ಳಿದ. ಈ ಸಲ ಯಾರೂ ನಗಲಿಲ್ಲ. ನೆಲಿ ಬಾಯಿ ಬಿಟ್ಟಳು: "ನಾನು ಮೇಜಿನ ಮೇಲೆ ಬಡಿದಾಗ ಚೆನ್ನಾಗೇ ಕೇಳಿಸ್ತಲ್ಲಾ ಮೊಸ್ಯೂ ಬೆರ್ನೇ..."

"ನಿನಗೆ ಕೇಳಿಸ್ತಾ?" ಅಂದ ನ್ಯೂಮಾ. ಅಷ್ಟೇ ಅಂದದ್ದು. ಆದರೆ ಅನ್ನುವ ರೀತಿಯಲ್ಲಿ ಅಂದ.

ಆ ವಾರವೇ ನೆಲಿ ತಾನಾಗಿ ಮೇಲಿನವರ ಹತ್ತಿರ ಹೋಗಿ, ತನ್ನನ್ನು ತಿರುಪು ಉಜ್ಜುವ ಮೂಲೆಗೆ ಹಾಕಿ ಎಂದು ಕೇಳಿಕೊಂಡಳು. "ಕಿವಿಯೇ ಹೇಳಿದ ಮೇಲೆ ನನ್ನ ಕೈ ಹೋಯ್ತು ಅಂತಲೇ," ಎಂದಳಂತೆ.

ಭಾನುವಾರ ನ್ಯೂಮಾ ಹೆಂಡತಿಯ ತಮ್ಮ ಉಲಿಸ್‌ನ ಜೊತೆ ಮೇಲಿನ ಕಾಡಿಗೆ ಹೋದ. ಪಿಟೀಲು ಮಾಡುವವರಿಗೆ ಮರ ಆರಿಸಿಕೊಡುವುದು ಉಲಿಸ್‌ನ ಕಸುಬು. ಕೊಡಲಿಯ ಬೆನ್ನಿನಿಂದ ಕಾಂಡಕ್ಕೆ ತಟ್ಟಿ ನೋಡುತ್ತಿದ್ದ. ಆ ಪೆಟ್ಟು ನ್ಯೂಮಾನಿಗೆ ಎದೆಯವರೆಗೆ ಕೇಳುತ್ತಿತ್ತು. ಒಂದು ಕಡೆ ಉಲಿಸ್ ನಿಂತು ಮೇಲಕ್ಕೆ ಬೆರಳು ತೋರಿಸಿದ.

"ಕೇಳು ಭಾವ, ಆ ಚೋಟುದ್ದದ ಹಕ್ಕೀನ! ಮೈ ನೋಡಿದ್ರೆ ಬೆರಳಷ್ಟಿಲ್ಲ, ಕಿರುಚೋದು ನೋಡಿದ್ರೆ ನಮ್ಮತ್ತೆ."

ತಲೆಯ ಮೇಲಿನ ಕೊಂಬೆಯಲ್ಲೇ ಇತ್ತು, ನೆತ್ತಿಯ ಮೇಲೆ ಹಳದಿ ಪಟ್ಟಿಯ ಹಕ್ಕಿ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಗಂಟಲಿನ ಪುಕ್ಕ ಅದುರುತ್ತಿತ್ತು. ನ್ಯೂಮಾನಿಗೆ ಏನೂ ಕೇಳಲಿಲ್ಲ.

"ಹೂಂ, ಜೋರಾಗಿದೆ," ಎಂದ.

ಆ ಸುಳ್ಳು ಬಾಯಿಂದ ಬಿದ್ದ ಗಳಿಗೆಯಲ್ಲೇ ಅವನಿಗೆ ಎಲ್ಲ ತಿಳಿದುಹೋಯಿತು. ಬುತ್ತಿಯ ಚೀಸನ್ನು ಉಲಿಸ್‌ನ ಕೈಗಿಟ್ಟ.

ಸೋಮವಾರ ಹೋಗಿ, ಪಕ್ಕಕ್ಕೆಸೆದ ತಂತಿಗಳನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದ. ಉಕ್ಕಿನಲ್ಲಿ ಕೂದಲೆಳೆಯಷ್ಟೂ ಊನವಿರಲಿಲ್ಲ. ಎರಡರ ಬುಡ ಮಾತ್ರ ಇಲಿ ತಿಂದ ಹಾಗೆ ಸಣಕಲಾಗಿತ್ತು, ಅವನದೇ ಅರದಿಂದ. ಮೂಲೆಯಲ್ಲಿ ನೆಲಿ ಬೆನ್ನು ತಿರುಗಿಸಿ ತಿರುಪು ಉಜ್ಜುತ್ತಿದ್ದಳು. ಏಳಬೇಕು ಅಂದುಕೊಂಡ. ಏಳಲಿಲ್ಲ. ಮರುದಿನವೂ ಏಳಲಿಲ್ಲ. ಬೆನ್ನುನೋವಿನ ನೆಪ ಹೇಳಿ ಕೆಲಸ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ಮೈಯೆಲ್ಲ ಹೇಸಿಗೆ ಮೆತ್ತಿದಂತಾಯಿತು. ಚಳಿಗಾಲದಿಂದ ಈಚೆಗೆ ತಾನು ಸರಿಯಾಗಿ ಕೇಳದೆಯೇ ಕಳಿಸಿದ ಗಡಿಯಾರಗಳು ಯಾವ ಯಾವ ದೇಶದಲ್ಲಿ, ಯಾರ ಯಾರ ಮಣಿಕಟ್ಟಿನ ಮೇಲೆ ಏನೆಂದು ಬಡಿಯುತ್ತಿವೆಯೋ!

ಕೊನೆಗೆ ಒಂದು ಸಂಜೆ, ಕೋಟು ತೂಗುಹಾಕುವ ಗೂಟಗಳ ಹತ್ತಿರ ಅವಳೊಬ್ಬಳೇ ಸಿಕ್ಕಳು.

"ನೆಲಿ, ಉಕ್ಕು ಸತ್ತಿರಲಿಲ್ಲ. ನನ್ನ ಕಿವಿ ಹೋಗಿದೆ."

ನೆಲಿ ಕೋಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದಳು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಆದೆ ನೋಡಿ."

"ತಪ್ಪಾಯ್ತಮ್ಮ."

"ಇದನ್ನ ಈ ಗೂಟದ ಹತ್ರ ಯಾಕೆ ಹೇಳ್ತೀರಿ? ಸತ್ತಿದೆ ಅಂದಿದ್ದು ಕಾಫಿ ಮೇಜಿನ ಮುಂದೆ. ಅಲ್ಲಿ ಹೇಳಿ."

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ನೆಲಿ."

"ನಂದು ಹೋಗಿದೆ," ಎಂದು ಅವಳು ಹೊರಟುಹೋದಳು.

ಮಾರನೆಯ ಬೆಳಗ್ಗೆ ನ್ಯೂಮಾ, ಅರ ಮುಟ್ಟಿಸದೆ ತಳ್ಳಿದ್ದ ಆ ಮೂರನೆಯ ತಂತಿಯನ್ನೇ ಗಡಿಯಾರಕ್ಕೆ ಕೂರಿಸಿ ಕಾಫಿ ಮೇಜಿನ ಮೇಲೆ ತಂದಿಟ್ಟ. "ಎಲ್ಲರೂ ಕೇಳಿ," ಎಂದ.

ಯಾರೂ ಕೈ ಚಾಚಲಿಲ್ಲ. "ನೀವು ಕೇಳಿದ ಮೇಲೆ ನಾವು ಎಂಥದು ಕೇಳೋದು ಬೆರ್ನೇಯವರೇ," ಎಂದ ಫೆರ್ನಾಂ.

"ನಾನು ಕೇಳಿಲ್ಲ. ಕಿವಿ ಇಡು, ದಮ್ಮಯ್ಯ."

ಫೆರ್ನಾಂ ಗುಂಡಿ ಜಾರಿಸಿದ. ದಪ್ಪ ದನಿ ಮುಗಿಯಿತು. ಆಮೇಲೆ ಅವನ ಹುಬ್ಬು ಮೇಲೇರಿತು. ಪಕ್ಕದವನಿಗೆ ದಾಟಿಸಿದ. ಗಡಿಯಾರ ಕೈಯಿಂದ ಕೈಗೆ ಮೇಜು ಸುತ್ತಿತು. ಒಬ್ಬೊಬ್ಬರ ಮುಖವೂ ಸಣ್ಣ ದನಿ ಬರುವ ಅದೇ ಜಾಗದಲ್ಲಿ ಬದಲಾಗುತ್ತಿತ್ತು. ಅಷ್ಟು ಜನಕ್ಕೂ ಕೇಳುತ್ತಿದ್ದದ್ದು ಅವನಿಗೊಬ್ಬನಿಗೆ ಕೇಳುತ್ತಿರಲಿಲ್ಲ.

"ನನಗೆ ಬರೀ ಟಕ್ ಟಕ್," ಎಂದ ನ್ಯೂಮಾ. "ಮೂರು ತಂತಿಗೂ ಹಾಗೇ ಕೇಳಿಸ್ತು. ಉಕ್ಕಿಗೆ ಏನೂ ಆಗಿರಲಿಲ್ಲ. ಸುಮ್ಮನೆ ಇವಳ ಹೆಸರು ಕೆಡಿಸಿದೆ."

ಫೆರ್ನಾಂ ಏನಾದರೂ ಗೇಲಿ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಗಡಿಯಾರವನ್ನು ಮೇಜಿನ ನಡುವೆ ಸರಿಸಿಟ್ಟ.

ಕೊನೆಗೆ ನೆಲಿ ಮೇಜಿನ ತುದಿಯಿಂದ ಎದ್ದು ಬಂದು ಗಡಿಯಾರ ಎತ್ತಿಕೊಂಡಳು. ಎರಡು ಸಲ ಕೇಳಿದಳು. "ಸಣ್ಣದು ಇನ್ನೂ ಸ್ವಲ್ಪ ಬಿಗಿ ಇದೆ. ಅರ ಬೇಕು. ಎಲ್ಲಿ ಎಳೀಬೇಕು, ತೋರಿಸಿ."

ಅದರಲ್ಲಿ ಕ್ಷಮೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಕೆಲಸ ಇತ್ತು. ನ್ಯೂಮಾ ಅವಳ ಹಿಂದೆ ತನ್ನ ಮೇಜಿಗೆ ಹೋದ, ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿದ, ತಂತಿಯ ಬುಡದ ಜಾಗವನ್ನು ಚಿಮುಟದ ತುದಿಯಿಂದ ತೋರಿಸಿದ. ಅವಳು ಒಂದು ಎಳೆತ ಎಳೆದು, ಬಡಿದು, ಕಿವಿಗೆ ಹಿಡಿದಳು. ಸ್ವರ ಕೂಡಿತೋ ಇಲ್ಲವೋ ತಿಳಿಯಬೇಕಾದರೆ ಅವನು ಅವಳ ಮುಖವನ್ನೇ ನೋಡಬೇಕಿತ್ತು. ತಲೆ ಎತ್ತಲು ಆಗಲಿಲ್ಲ.