ಅವ್ವನ ತಲೆಯ ಮೇಲಿನ ಆಣೆ

ನನ್ನ ತಮ್ಮನಿಗೆ ಆಣೆ ಹಾಕಿಸಿದವಳು ನಾನು. ದೊಡ್ಡಪ್ಪ ಹಾಕಿಸಿದ, ಓಣಿಯವರು ಹಾಕಿಸಿದರು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಕಲಬುರಗಿಯಲ್ಲಿ ಅವನ ರಟ್ಟೆ ಹಿಡಿದು ಕಮಲಾಪುರದ ಬಸ್ಸು ಹತ್ತಿಸಿದ್ದು ನಾನೇ. "ದೊಡ್ಡಪ್ಪಾ, ಇವಗ ಒಂದ್ ಆಣಿ ಹಾಕಸ್ರಿ" ಎಂದು ಕೇಳಿಕೊಂಡಿದ್ದೂ ನಾನೇ.

ಅವು ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ನಾವು ಸಣ್ಣವರಿದ್ದಾಗಲೇ ತೀರಿಕೊಂಡಿದ್ದ. ಅವ್ವ ಕಮಲಾಪುರದಲ್ಲಿ ದೊಡ್ಡಪ್ಪನ ಮನೆಯ ಮಗ್ಗುಲಿಗೇ ಇದ್ದು ಹೊಲ ನೋಡಿಕೊಳ್ಳುತ್ತಿದ್ದಳು. ನನಗೆ ಕಲಬುರಗಿಯ ಶಾಲೆಯೊಂದರಲ್ಲಿ ನೌಕರಿ. ಒಂಬತ್ತು ವರ್ಷ ಸಣ್ಣವನಾದ ತಮ್ಮ ಪಿಯುಸಿ ಓದಲು ನನ್ನ ಬಾಡಿಗೆ ಮನೆಗೆ ಬಂದ. ನಗಿಸುವ ಹುಡುಗ. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ನಾನು ಸಿಟ್ಟಿಗೆದ್ದರೆ ಸಾಕು, "ಅಕ್ಕೋರು ಬಂದ್ರು, ಕೈ ಕಟ್ಟರೆಪ್ಪೋ" ಎಂದು ತಾನೇ ಹೋಗಿ ಮೂಲೆಯಲ್ಲಿ ನಿಲ್ಲುತ್ತಿದ್ದ. ಬೈಯಲು ಬಾಯಿ ತೆರೆದವಳು ನಕ್ಕು ಬಿಡುತ್ತಿದ್ದೆ.

ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಮೇಲೆ ಆ ನಗು ನಿಂತಿತು. ಸೂಪರ್ ಮಾರ್ಕೆಟ್ ಎಂಬ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಇಟ್ಟ ರೊಟ್ಟಿ ಒಣಗುವುದು. "ನಿದ್ದಿ ಬರವಲ್ದು ಅಕ್ಕಾ, ಎದಿ ಮ್ಯಾಗ ಯಾರೋ ಕುಂತಂಗ ಆಗ್ತದ" ಎಂದು ಒಂದು ದಿನ ಹೇಳಿದ. ನಾನು ಏನಂದೆ? "ಮೈಮುರದು ದುಡಿ, ತಾನ ಬರ್ತದ." ಅಷ್ಟೇ ಅಂದು ನೋಟ್‌ಬುಕ್ ತಿದ್ದಲು ಕೂತೆ. ಹುಚ್ಚು ಇಲ್ಲವೇ ಸೋಮಾರಿತನ, ಇವೆರಡರ ನಡುವೆ ಮನಸ್ಸಿಗೆ ಮೂರನೆಯದೊಂದು ಬೇನೆ ಬರಬಹುದು ಎಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿದ ನನಗೂ ಗೊತ್ತಿರಲಿಲ್ಲ.

ನಿದ್ದೆಯನ್ನು ಅವನು ಸೇಂದಿ ಅಂಗಡಿಯಲ್ಲಿ ಕಂಡುಕೊಂಡ. ಈಚಲ ಗಿಡದ ಸೇಂದಿ ಎಂಬುದು ಹೆಸರಿಗೆ ಮಾತ್ರ. ನೀರಿಗೆ ನಶೆಯ ಪುಡಿ ಕಲಸಿ ಮಾರುತ್ತಾರೆಂಬುದು ಊರಿಗೆಲ್ಲ ತಿಳಿದ ಗುಟ್ಟಾಗಿತ್ತು. ಆ ಪುಡಿ ಮೈಗೆ ಹತ್ತಿದವನು ಅದನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂಬುದು ಮಾತ್ರ ನಮಗೆ ತಿಳಿದಿರಲಿಲ್ಲ. ಒಂದು ವರ್ಷ ಅವನು ಕುಡಿದದ್ದೂ ನನಗೆ ಗೊತ್ತಾಗಲಿಲ್ಲ. ಗೊತ್ತಾದ ಮರುದಿನವೇ ಶಾಲೆಗೆ ರಜೆ ಹಾಕಿ ಊರಿಗೆ ಎಳೆದುಕೊಂಡು ಹೋದೆ.

ಓಣಿಯವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಅವತ್ತು ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರೂ ಬೈಯಲಿಲ್ಲ. ಎದುರು ಮನೆಯಾಕೆ ಅವನಿಗೆಂದು ಹುಗ್ಗಿ ಮಾಡಿ ತಂದಿದ್ದಳು. "ನಮ್ಮ ಕೂಸು ಅದ. ಹಾದಿ ತಪ್ಪೇದ, ತಿರುಗಿ ಹಚ್ಚಬೇಕು, ಹೊಡೀಬಾರದು" ಎಂದು ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ನಮ್ಮ ಕಡೆಯ ರೂಢಿಯಂತೆ ದೇವರ ಜಗಲಿಯ ಮುಂದೆ ಅವ್ವನನ್ನು ಕೂಡಿಸಿದರು. ತಮ್ಮನ ಅಂಗೈಗೆ ವಿಭೂತಿ ಹಚ್ಚಿ ಆ ಕೈಯನ್ನು ಅವಳ ತಲೆಯ ಮೇಲೆ ಇರಿಸಿದರು. "ಇನ್ನ ಮುಟ್ಟಿದ್ರ ನಮ್ಮವ್ವನ ಹೆಣ ನೋಡ್ತೀನಿ" ಎಂದು ಮೂರು ಸಲ ಹೇಳಬೇಕು. ಎರಡು ಸಲ ಹೇಳಿದ. ಮೂರನೆಯ ಸಲ ದನಿ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು. ಅಷ್ಟು ಸಾಕೆಂದರು. ಎಲ್ಲರೂ ಕಣ್ಣೊರೆಸಿಕೊಂಡು ಹುಗ್ಗಿ ಉಂಡರು. ನನಗಂತೂ ತಲೆಯ ಮೇಲಿನ ಕಲ್ಲು ಇಳಿಸಿದಷ್ಟು ಹಗುರಾಗಿತ್ತು.

ಮೂರನೆಯ ದಿನ ಅವನ ಕೈ ನಡುಗತೊಡಗಿದವು. ನೀರಿನ ತಂಬಿಗೆ ಹಿಡಿಯಲಾಗಲಿಲ್ಲ. ನಾಲ್ಕನೆಯ ದಿನ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಉಜ್ಜಿ ಉಜ್ಜಿ ಒರೆಸಿದ, ತೀರಿಹೋದ ಅಪ್ಪನನ್ನು ಮಾತಾಡಿಸಿದ. ಮಧ್ಯಾಹ್ನ ಮೈ ಸೆಟೆದು ಬಿದ್ದು ನಾಲಿಗೆ ಕಚ್ಚಿಕೊಂಡ. ಓಣಿ ಮತ್ತೆ ಕೂಡಿತು. "ಕುಡೀಬೇಕಂತ ಮನಸ್ಸ ಮಾಡ್ಯಾನ. ಅದಕ್ಕ ಆಣಿ ಕಾಡಾಕತ್ತದ" ಎಂದರು. ಹೆಚ್ಚು ನಡುಗಿದಷ್ಟೂ ಆಣೆಗೆ ಶಕ್ತಿ ಇದೆ ಎಂದು ನಂಬಿದೆವು. ನಾನೇ ಅವನ ಹಣೆಗೆ ಇನ್ನಷ್ಟು ವಿಭೂತಿ ಬಳಿದೆ. ಕಲಬುರಗಿಯ ದವಾಖಾನೆಗೆ ಒಂದು ತಾಸಿನ ದಾರಿ, ಬಸ್ಸುಗಳಿಗೇನೂ ಬರವಿರಲಿಲ್ಲ. ದವಾಖಾನೆ ಎಂಬ ಮಾತೇ ಯಾರ ಬಾಯಲ್ಲೂ ಬರಲಿಲ್ಲ.

ಐದನೆಯ ದಿನ ಗೋಡೆ ಹಿಡಿದುಕೊಂಡು ಹೊರಗೆ ಹೋದವನು ಕುಡಿದು ಬಂದ. ಕೈಗಳ ನಡುಕ ನಿಂತಿತ್ತು. "ಸಾಯ್ತೀನಿ ಅನಸ್ತು ಅಕ್ಕಾ. ತಡಕೊಳ್ಳಾಕ ಆಗಲಿಲ್ಲ" ಎಂದ. ಅದು ಅಕ್ಷರಶಃ ನಿಜವಾಗಿತ್ತು. ನಾವು ಅದನ್ನು ಕುಡುಕನ ನೆಪವೆಂದುಕೊಂಡೆವು. ಹುಗ್ಗಿ ಉಂಡವರ ಬಾಗಿಲುಗಳೆಲ್ಲ ಒಂದೊಂದಾಗಿ ಅವನಿಗೆ ಮುಚ್ಚಿದವು. ಆಣೆ ಮುರಿದವನನ್ನು ಮಾತಾಡಿಸಿದರೆ ಪಾಪ ತಮಗೂ ಹತ್ತೀತೆಂಬ ಹೆದರಿಕೆ.

ಅವನನ್ನು ಊರಲ್ಲೇ ಬಿಟ್ಟು ನಾನು ಕಲಬುರಗಿಯ ಶಾಲೆಗೆ ಮರಳಿದೆ. ಮೂರು ವಾರಕ್ಕೆ ಅವ್ವ ಜ್ವರ ಹಿಡಿದು ಮಲಗಿದಳು. ಒಂದು ಮುಂಜಾನೆ ಕರೆದರೆ ಕಣ್ಣು ತೆರೆಯಲಿಲ್ಲ. ಸುದ್ದಿ ಸಿಕ್ಕಿ ನಾನು ಓಡಿ ಬಂದಾಗ ಜೀಪು ತರಲು ದೊಡ್ಡಪ್ಪ ಹೋಗಿದ್ದ. ತಮ್ಮ ಹೊಸ್ತಿಲ ಹೊರಗೆ ನಿಂತಿದ್ದ, ಒಳಗೆ ಬರುವ ಧೈರ್ಯವಿರಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನೋಡು, ನಿನ್ನ ಆಣಿ ಅವ್ವನ್ನ ತಿನ್ನಾಕತ್ತದ. ಆಕಿ ಸತ್ರ ಕೊಂದಾಂವ ನೀನ" ಎಂದೆ. ಅವನು ನನ್ನನ್ನು ನೋಡಿದ. ಚಪ್ಪಲಿ ಮೆಟ್ಟಿಕೊಂಡು ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹಲಗೆಯ ಮೇಲೆ ಬರೆದುಕೊಟ್ಟಿದ್ದೆನೋ!

ಹತ್ತು ದಿನಕ್ಕೆ ಅವ್ವ ದವಾಖಾನೆಯಲ್ಲಿ ಎದ್ದು ಕೂತಳು. ವಿಷಮಶೀತ ಜ್ವರ, ಬೇರೇನೂ ಅಲ್ಲ. ಮೊದಲು ಕೇಳಿದ್ದು ಮಗನನ್ನು. ಸೂಪರ್ ಮಾರ್ಕೆಟ್‌ನಲ್ಲಿ, ಅವನ ಗೆಳೆಯನಿದ್ದ ತಾಜಸುಲ್ತಾನಪುರದಲ್ಲಿ, ಬಸ್ ನಿಲ್ದಾಣದಲ್ಲಿ, ಎಲ್ಲಿ ಹುಡುಕಿದರೂ ಸಿಗಲಿಲ್ಲ. ಏಳು ತಿಂಗಳಾದ ಮೇಲೆ ಬಟ್ಟೆ ಅಂಗಡಿಯವರೊಬ್ಬರು ನನ್ನ ಶಾಲೆಗೇ ಬಂದು, ಅವನು ಕಲಬುರಗಿಯ ದವಾಖಾನೆಯೊಂದರಲ್ಲಿ ಇದ್ದಾನೆಂದು ಹೇಳಿದರು.

ಮಂಚವಿಲ್ಲದೆ ನೆಲದ ಮೇಲೆ ಹಾಸಿಗೆ ಹಾಕಿದ್ದರು. ನಾನು ಗುರುತು ಹಿಡಿಯುವ ಮೊದಲೇ ಅವನು ನನ್ನ ಗುರುತು ಹಿಡಿದ.

"ಅಕ್ಕಾ, ಅವ್ವನ ಮಣ್ಣಿಗಿ ಬರಾಕ ನನಗ ಮಾರಿ ಇರಲಿಲ್ಲ. ದಿನಕರ್ಮ ಎಲ್ಲಾ ಸರಿಯಾಗಿ ಮಾಡಿದ್ರಿಲ್ಲೊ?"

ಏಳು ತಿಂಗಳು ಅವನು ಅವ್ವ ಸತ್ತಳೆಂದೇ ತಿಳಿದಿದ್ದ. ಅವಳನ್ನು ತಾನೇ ಕೊಂದೆನೆಂದು ತಿಳಿದು ಬದುಕಿದ್ದ. "ಅವ್ವ ಅದಾಳೋ, ಆರಾಮ ಅದಾಳೋ" ಎಂದು ಕೂಗಿದೆ. ನಂಬಲಿಲ್ಲ. ಅವ್ವ ಸಂಜೆಯ ಬಸ್ಸಿಗೆ ಬಂದು ತಲೆದೆಸೆಯಲ್ಲಿ ಕೂತಾಗಲೂ ಅವಳ ಮುಖ, ಕಿವಿ, ಕೂದಲು ಎಲ್ಲ ಮುಟ್ಟಿ ನೋಡಿದ ಮೇಲೇ ನಂಬಿದ.

ವೈದ್ಯರು ನನ್ನನ್ನು ಹೊರಗೆ ಕರೆದು ಹೇಳಿದರು: "ಈ ನಶಾ ಒಮ್ಮೆಲೇ ಬಿಡಿಸಬಾರದು ಅಕ್ಕೋರ. ಔಷಧ ಕೊಟ್ಟು, ಮಗ್ಗಲದಾಗ ಕುಂತು, ಸಾವಕಾಶ ಬಿಡಿಸಬೇಕು. ಕೈ ನಡುಗಿದ ದಿನಾನೇ ಕರಕೊಂಡು ಬರಬೇಕಿತ್ತು." ಒಂಬತ್ತು ದಿನ ಅವ್ವ ಅವನ ಬಳಿಯಿಂದ ಅಲುಗಲಿಲ್ಲ. ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಏಳು ತಿಂಗಳ ಅಲೆದಾಟದಲ್ಲಿ ಎದೆಗೆ ಹತ್ತಿದ್ದ ಸೋಂಕು ಇಳಿಯಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಹೋದ. ಇಪ್ಪತ್ತೊಂದು ತುಂಬಿರಲಿಲ್ಲ.

ಕೆಲವು ವರ್ಷಗಳ ಮೇಲೆ ಕಮಲಾಪುರಕ್ಕೇ ವರ್ಗ ಮಾಡಿಸಿಕೊಂಡೆ. ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಓಣಿಯ ಹರೆಯದವರು ಬಂದು ಕೂಡುವುದು ಹೇಗೆ ಶುರುವಾಯಿತೆಂದು ಸರಿಯಾಗಿ ನೆನಪಿಲ್ಲ. ನಾನೇನು ಸಮಾಜಸೇವಕಿಯಲ್ಲ, ಮೂಗಿನ ತುದಿಯಲ್ಲೇ ಸಿಟ್ಟಿರುವ ಹೆಂಗಸು. ದವಾಖಾನೆಯ ನರ್ಸಬಾಯಿ ಒಬ್ಬರು ಬಂದು ಔಷಧದ ಮಾತು ಹೇಳುತ್ತಿದ್ದರು. ಕುಡಿತ ಬಿಡುತ್ತೇನೆಂದವನನ್ನು ಕಲಬುರಗಿಯ ವೈದ್ಯರ ಹತ್ತಿರ ಕರೆದೊಯ್ಯುವ ಕೆಲಸ ಮುದುಕನಾಗಿದ್ದ ದೊಡ್ಡಪ್ಪನದು. ಮನೆಗೆ ಬಂದ ಮೇಲೆ ಅವನ ಬಳಿ ಓಣಿಯವರು ಪಾಳಿ ಹಚ್ಚಿ ಕೂಡುತ್ತಿದ್ದರು. ಮಗನಿಂದ ಆಣೆ ಹಾಕಿಸಿರೆಂದು ಬಂದ ತಾಯಂದಿರನ್ನು ದೊಡ್ಡಪ್ಪ ಕೈ ಮುಗಿದು ಕೂಡಿಸುತ್ತಿದ್ದ. "ಆ ತಪ್ಪ ನಾ ಒಮ್ಮೆ ಮಾಡೀನವ್ವಾ" ಎನ್ನುತ್ತಿದ್ದ. ಎಲ್ಲರೂ ಉಳಿದರು ಎಂದು ಬರೆಯಲಾರೆ. ಕೆಲವರು ಉಳಿದರು.

ಅಲ್ಲಿ ತಮ್ಮನ ಕಥೆಯನ್ನು ಎಷ್ಟೋ ಸಲ ಹೇಳಿದ್ದೆ. ಹೊಸ್ತಿಲಲ್ಲಿ ಆಡಿದ ಮಾತೊಂದನ್ನು ಬಿಟ್ಟು. ಒಂದು ಭಾನುವಾರ ಹೊಸದಾಗಿ ಬಂದಿದ್ದ ಯುವಕನೊಬ್ಬ ನೇರವಾಗಿ ಕೇಳಿದ: "ಅವ್ವಾರಿಗಿ ಜ್ವರ ಬಂದಿತ್ತು, ಖರೆ. ಆದ್ರ ನಿಮ್ಮ ತಮ್ಮ ಮನಿ ಬಿಟ್ಟು ಯಾಕ ಹೋದ್ರು ಅಕ್ಕೋರ?"

ಅವ್ವ ಅಲ್ಲೇ ಚಹಾ ಸೋಸುತ್ತಿದ್ದಳು. ಸುಳ್ಳು ಹೇಳಿದರೆ ಆ ಯುವಕ ಮತ್ತೆ ಬರಲಾರ ಎನಿಸಿತು. ಹೇಳಿಬಿಟ್ಟೆ, ನಾನಂದ ಮಾತನ್ನು ಅಂದಂತೆಯೇ. ಹೇಳಿ ಅವ್ವನ ಕಡೆ ನೋಡುವುದಾಗಲಿಲ್ಲ.

"ನನಗ ಗೊತ್ತದ" ಅಂದಳು ಅವ್ವ. "ದವಾಖಾನ್ಯಾಗ ಅಂವ ಹೇಳಿದ್ದ. ಅಕ್ಕ ಹೆದರಿ ಅಂದಾಳ, ಆಕಿಗಿ ಏನೂ ಅನಬ್ಯಾಡವ್ವಾ ಅಂದ."

"ಮತ್ತ ಇಷ್ಟ ವರ್ಷ ಯಾಕ ಸುಮ್ಕಿದ್ದಿ?"

"ನೀನ ಬಂದು ಹೇಳ್ತಿ ಅಂತ ಹಾದಿ ನೋಡಾಕತ್ತಿದ್ದೆ."