ಕಾಯಿ ಒಡೆದ ಸದ್ದು

ಇವತ್ತು ಅಜ್ಜೀಪುರದ ಹಳೇ ಮದುವೆ ವಿಡಿಯೊ ಒಂದನ್ನು ಡಿವಿಡಿಗೆ ಹಾಕುತ್ತಿದ್ದೆ. ಕಾದ ಕಂಪ್ಯೂಟರಿನ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಕೊಳ್ಳೇಗಾಲದ ನಮ್ಮ ಸ್ಟುಡಿಯೋದಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದ ಹುಡುಗಿ ಮತ್ತೆ ನಾನಾದೆ.

ವಿಡಿಯೊದಲ್ಲಿ ತುಟಿ ಮುಂದೆ, ಮಾತು ಹಿಂದೆ ಆದಾಗೆಲ್ಲ ಅಪ್ಪ ತೆಂಗಿನಕಾಯಿ ಒಡೆಯುವ ದೃಶ್ಯ ಹುಡುಕುತ್ತಿದ್ದ. "ತುಟಿ ನಂಬಬ್ಯಾಡ ಕಣವ್ವ. ಕಾಯಿ ಒಡ್ಯದೂ ಸದ್ದೂ ಒಂದಾದ್ರೆ ಎಲ್ಲಾ ಸರಿಯಾಯ್ತದೆ."

ಮದುವೆಗಳಲ್ಲಿ ಕ್ಯಾಮೆರಾ ಹಿಂದಿನಿಂದ ಅವನು "ಇತ್ತಗೆ ನೋಡವ್ವ" ಎಂದರೆ ಸಾಕು, ಮದುಮಗಳು ತಲೆ ಎತ್ತುತ್ತಿದ್ದಳು. ಈ ಮದುವೆಯನ್ನೂ ಅವನೇ ತೆಗೆದದ್ದು. ಅವನು ಹೋಗಿ ವರ್ಷಗಳಾದವು.

ಇದರಲ್ಲೂ ಮಾತು ಹಿಂದೆ ಬಿದ್ದಿತ್ತು; ಅಪ್ಪ ಹೇಳಿಕೊಟ್ಟಂತೆ ಕಾಯಿ ಒಡೆಯುವ ದೃಶ್ಯಕ್ಕೆ ಸದ್ದು ಕೂಡಿಸಿದೆ. ಎಲ್ಲರ ತುಟಿಗೂ ಮಾತು ಸರಿಯಾಗಿ ಕೂತಿತು. ಆಮೇಲೆ ಅಪ್ಪನ ದನಿ ಕೇಳಿತು: "ಇತ್ತಗೆ ನೋಡವ್ವ."

ಪರದೆಯಲ್ಲಿ ಯಾರೂ ತಲೆ ಎತ್ತಲಿಲ್ಲ.

ಖಾಲಿ ಕೋಣೆಯಲ್ಲಿ ನಾನೊಬ್ಬಳೇ ತಿರುಗಿ ನೋಡಿದೆ.